ಅಯ್ನೋರ ಮೂಗು

"ಊದಮ್ಮ," ಎಂದರು ಅಪ್ಪಾಜಿ.

ಚಿಕ್ಕಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಜಗಲಿಯಾಚೆ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. ಒಂದು ಹೆಜ್ಜೆ ಮುಂದೆ ಬಂದು ಅವರ ಮುಖಕ್ಕೆ 'ಹಾ' ಎಂದು ಉಸಿರು ಬಿಟ್ಟಳು. ಪುಷ್ಯಮಾಸದ ಚಳಿಗೆ ಅಪ್ಪಾಜಿಯವರ ಕನ್ನಡಕ ಮಂಜಾಯಿತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

"ನನ್ ಗಂಡನೂ ಇಸ್ಟ್ ಅತ್ರ ಮುಕ ತಂದಿರ್ನಿಲ್ಲ ಕಣ್ ಸಾಮಿ," ಎಂದಳು ಚಿಕ್ಕಲಕ್ಷ್ಮಮ್ಮ.

ಸಾಲಿನಲ್ಲಿ ನಿಂತಿದ್ದ ಮುದುಕ ಮುದುಕಿಯರೆಲ್ಲ ನಕ್ಕರು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡಿದ್ದ ಪಂಚಾಯ್ತಿ ಅಧ್ಯಕ್ಷ ಮೋಹನ್‌ಕುಮಾರ್ ಮಾತ್ರ ನಗಲಿಲ್ಲ.

"ಸಾರ್?"

"ಇಲ್ಲಪ್ಪ. ಏನೂ ಇಲ್ಲ."

ಏನೂ ಇಲ್ಲ ಎಂಬುದು ನಿಜವಾಗಿತ್ತು. ಹೆಂಡದ ವಾಸನೆಯಷ್ಟೇ ಅಲ್ಲ, ಅವಳು ಈಗ ತಾನೇ ಉಗಿದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಯಾವುದರ ವಾಸನೆಯೂ ಅಪ್ಪಾಜಿಯವರಿಗೆ ಬಂದಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಆಷಾಢದಲ್ಲಿ ಹತ್ತು ದಿನ ಜ್ವರ ಹಿಡಿದು ಮಲಗಿದ್ದರು. ಎದ್ದ ಮೇಲೆ ದೇವರ ಮುಂದೆ ಕರ್ಪೂರ ಹಚ್ಚಿದರೆ ಬರೀ ಬೆಳಕು ಕಂಡಿತು. ಹಳೆಯ ಕರ್ಪೂರವಿರಬೇಕೆಂದು ಹಳೇಕೋಟೆಯ ಬೇರೆ ಅಂಗಡಿಯಿಂದ ತರಿಸಿದರು. ಅದೂ ಬರೀ ಬೆಳಕೇ. ಆಮೇಲೆ ಅಂಗಡಿ ಬದಲಾಯಿಸುವುದನ್ನು ಬಿಟ್ಟರು.

ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಕನಕಲಕ್ಷ್ಮಿಗೂ ಅವರು ಹೇಳಿರಲಿಲ್ಲ. ಆಕೆ ಕಾಫಿ ಬೀಜವನ್ನು ಮನೆಯಲ್ಲೇ ಹುರಿದು ಪುಡಿ ಮಾಡುವವರು. ಬೆಳಿಗ್ಗೆ ಮೊದಲ ಲೋಟ ಕೊಟ್ಟು ಬಾಗಿಲಿಗೊರಗಿ ನಿಲ್ಲುತ್ತಿದ್ದರು. ಅಪ್ಪಾಜಿ ಲೋಟವನ್ನು ಮೂಗಿನ ಹತ್ತಿರ ತಂದು "ಘಮ್ ಅಂತಿದೆ" ಎನ್ನಬೇಕು, ಆಮೇಲೆ ಆಕೆ ಒಳಗೆ ಹೋಗಬೇಕು. ಮೂವತ್ತೊಂದು ವರ್ಷದಿಂದ ನಡೆದು ಬಂದದ್ದು. ಒಂದು ಜ್ವರಕ್ಕಾಗಿ ಅದನ್ನು ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಹೊಂಗೆಕೊಪ್ಪಲು ಹಳೇಕೋಟೆಯಿಂದ ಮೂರು ಮೈಲಿ. ಅಪ್ಪಾಜಿ ಅಲ್ಲಿಯವರಲ್ಲ, ಹೊಳೆನರಸೀಪುರದ ದೇವಸ್ಥಾನದ ಬೀದಿಯ ಕಡೆಯವರು. ಅಂಚೆ ಕೆಲಸ ಸಿಕ್ಕಿತೆಂದು ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಂದು, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿ ಕೂತವರು ಕೂತೇ ಇದ್ದರು. ತಿಂಗಳಿಗೊಮ್ಮೆ ವೃದ್ಧಾಪ್ಯ ವೇತನದ ಮನಿಯಾರ್ಡರುಗಳು ಬಂದ ದಿನ ಹತ್ತು ಹನ್ನೆರಡು ಮಂದಿ ಜಗಲಿಗೆ ಬರುತ್ತಿದ್ದರು. ಹೆಬ್ಬೆಟ್ಟು ಒತ್ತಿ, ಸಾಕ್ಷಿಗೆ ಯಾರಿಂದಲಾದರೂ ಸಹಿ ಹಾಕಿಸಿ, ದುಡ್ಡು ತೆಗೆದುಕೊಂಡು, ಹಾಗೇ ಒಂದಿಷ್ಟು ಹೊತ್ತು ಬಿಸಿಲು ಕಾಯಿಸಿಕೊಂಡು ಹೋಗುತ್ತಿದ್ದರು.

ಎರಡು ತಿಂಗಳ ಹಿಂದಿನ ಗ್ರಾಮಸಭೆಯಲ್ಲಿ ಸ್ತ್ರೀಶಕ್ತಿ ಸಂಘದ ಮಲ್ಲಿಗಮ್ಮ ಎದ್ದು ನಿಂತಳು. "ಸರ್ಕಾರ ಮುದುಕ್ರಿಗೆ ದುಡ್ ಕೊಡಾದು ಗಂಜಿಗೆ, ಗಡಂಗಿಗಲ್ಲ. ನಮ್ ಮಾವ್ನೋರಿಗೆ ದುಡ್ ಬಂದ್ ದಿನ ಸಂಜೀಕೆ ಓಗಿ ನೋಡಿ. ಚರಂಡೀಲಿ ಬಿದ್ದಿರ್ತಾರೆ. ಎತ್ಕಂಡ್ ಬರೋಳು ನಾನು, ತೊಳ್ಯೋಳು ನಾನು." ಮಾವ ಪುಟ್ಟಸ್ವಾಮಿ ಅಲ್ಲೇ ಕಂಬಕ್ಕೊರಗಿ ಕೂತಿದ್ದವನು "ದುಡ್ಡು ನಂದು, ಗಂಟ್ಲು ನಂದು" ಎಂದ. ಸಭೆ ನಕ್ಕಿತು. ಆದರೆ ಹೆಂಗಸರ ಕಡೆ ಯಾರೂ ನಗಲಿಲ್ಲ.

ಮೋಹನ್‌ಕುಮಾರ್ ಹಾಸನದಲ್ಲಿ ಬಿ.ಎ. ಓದಿದ ಹುಡುಗ. ಊರಿಗೆ ಏನಾದರೂ ಮಾಡಬೇಕೆಂಬ ಆಸೆ ಇದ್ದವನು. ಕುಡಿದು ಬಂದವರಿಗೆ ವೇತನ ನಿಲ್ಲಬೇಕು ಎಂದು ಅಲ್ಲೇ ತೀರ್ಮಾನ ಹೇಳಿದ. ಪತ್ತೆ ಹಚ್ಚುವವರು ಯಾರು? ಪೊಲೀಸರ ಹತ್ತಿರ ಅದಕ್ಕೆ ಮಿಷನ್ನೇ ಇದೆಯಂತೆ ಎಂದು ಯಾರೋ ಅಂದರು. "ಮಿಷನ್ ಯಾಕೆ? ನಮ್ ಪೋಸ್ಟಿನ್ ಅಯ್ನೋರಿಲ್ವಾ?" ಎಂದ ಮೋಹನ್‌ಕುಮಾರ್. "ಹುಟ್ಟಿದಾಗಿಂದ ಅದ್ರ ಗಾಳೀನೂ ಸೋಕಿಸ್ಕೊಂಡೋರಲ್ಲ. ಅಂಥೋರ ಮೂಗಿಗೆ ಒಂದ್ ತೊಟ್ಟಿದ್ರೂ ಗೊತ್ತಾಗುತ್ತೆ."

"ಮನಿಯಾರ್ಡರು ಕೈಗೆ ಕೊಡೋದಷ್ಟೇ ನನ್ನ ಕೆಲಸ. ಬಾಯಿ ನೋಡೋದು ನಮ್ಮ ಇಲಾಖೇಲಿಲ್ಲ," ಎಂದಿದ್ದರು ಅಪ್ಪಾಜಿ.

"ದುಡ್ಡು ನೀವು ಕೊಡಿ ಸಾರ್, ತಡೀಬೇಡಿ. ವಾಸ್ನೆ ಬಂದೋರ ಹೆಸರು ಮಾತ್ರ ಹೇಳಿ. ನಾನು ಬರ್ಕೊಂಡು ತಾಲ್ಲೂಕಾಫೀಸಿಗೆ ಮುಟ್ಟಿಸ್ತೀನಿ. ಮುಂದಿಂದು ಅವರ ಜವಾಬ್ದಾರಿ."

ಇಡೀ ಸಭೆ ಅವರ ಮುಖವನ್ನೇ ನೋಡುತ್ತಿತ್ತು. ನನಗೆ ವಾಸನೆ ಬರುವುದಿಲ್ಲ ಎಂದು ಹೇಳುವುದಕ್ಕೆ ಆಗ ಮೂರು ಪದ ಸಾಕಾಗಿತ್ತು. ಅಪ್ಪಾಜಿ ಕೆಮ್ಮಿ, ಶಲ್ಯ ಸರಿಮಾಡಿಕೊಂಡು ಸುಮ್ಮನೆ ಕೂತರು.

ಮೊದಲ ತಿಂಗಳು ಎಲ್ಲರನ್ನೂ ಇಲ್ಲ ಎಂದು ಕಳಿಸಿದ್ದರು. ಊರು ಮುಸಿಮುಸಿ ನಕ್ಕಿತ್ತು. ಇದು ಎರಡನೆಯ ತಿಂಗಳು.

ಚಿಕ್ಕಲಕ್ಷ್ಮಮ್ಮನ ಹಿಂದೆ ಇದ್ದವನು ಪುಟ್ಟಸ್ವಾಮಿ. ತಲೆಗೆ ಎಣ್ಣೆ ಹಚ್ಚಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದಿದ್ದ. ಅವನು ಊದಿದಾಗ ಅಪ್ಪಾಜಿಯವರ ಕಣ್ಣು ಚುರ್ ಎಂದು ನೀರು ಬಂತು. ವಾಸನೆಯಿಲ್ಲದಿದ್ದರೂ ಈರುಳ್ಳಿಯ ಖಾರ ಮೂಗಿನೊಳಗೆ ಕಚ್ಚಿತು.

"ಯಾಕ್ ಸಾಮಿ ಅಳ್ತೀರಿ? ನಾನಿನ್ನೂ ಸತ್ತಿಲ್ಲ," ಎಂದ ಪುಟ್ಟಸ್ವಾಮಿ.

"ಇಲ್ಲ. ಏನಿಲ್ಲ. ಹೋಗು."

ಮೋಹನ್‌ಕುಮಾರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ಸಾರ್, ಹೋದ್ ತಿಂಗ್ಳೂ ಒಬ್ರೂ ಇಲ್ಲ. ಈ ತಿಂಗ್ಳೂ ಒಬ್ರೂ ಇಲ್ಲ. ಸಂಘದೋರು ನನ್ನ ಕೇಳ್ತಾರೆ. ನಿಮ್ ದಾಕ್ಷಿಣ್ಯಕ್ಕೆ ಊರಿನ್ ಹೆಣ್ಣುಮಕ್ಳು ಕಣ್ಣೀರ್ ಹಾಕ್ಬೇಕಾ?"

ಮಾತು ಅಪ್ಪಾಜಿಯವರಿಗೆ ತಾಗಿತು. ಅಷ್ಟರಲ್ಲಿ ಮಂಚಯ್ಯ ಮುಂದೆ ಬಂದು ನಿಂತ. ಎಪ್ಪತ್ತರ ಹತ್ತಿರದ ಒಣಕಲು ಮನುಷ್ಯ, ಹೆಂಡತಿ ಮಕ್ಕಳಿಲ್ಲ. ಕಣ್ಣು ಕೆಂಡದ ಹಾಗಿದ್ದವು. ನಿಂತಲ್ಲೇ ಸ್ವಲ್ಪ ತೂಗುತ್ತಿದ್ದ. ಮೆಟ್ಟಿಲು ಹತ್ತುವಾಗ ಒಂದು ಸಲ ಗೋಡೆ ಹಿಡಿದದ್ದನ್ನು ಅಪ್ಪಾಜಿ ನೋಡಿದ್ದರು. ಅವನು ಕೈಕಟ್ಟಿ, ಶಾಲೆಯ ಮಕ್ಕಳ ಹಾಗೆ ಕಣ್ಣು ಮುಚ್ಚಿ ಊದಿದ. ಕನ್ನಡಕ ಮಂಜಾಯಿತು. ಆ ಮಂಜಿನ ಆಚೆಯಿಂದ ಅಪ್ಪಾಜಿ ಹೇಳಿದರು:

"ಇದೆ."

ಮೋಹನ್‌ಕುಮಾರ್ ಬರೆಯತೊಡಗಿದ. ಮಂಚಯ್ಯ ಕಣ್ಣು ಬಿಟ್ಟು ಅವರನ್ನೇ ನೋಡಿದ. ಹೆಬ್ಬೆಟ್ಟು ಒತ್ತಿ, ದುಡ್ಡು ತೆಗೆದುಕೊಂಡು, ಬಿಸಿಲಿಗೆ ಕೂರದೆ ಹೊರಟುಹೋದ.

ಮಧ್ಯಾಹ್ನ ಮಲ್ಲಿಗಮ್ಮ ಬಂದಳು. ಒಂದು ಕಾರ್ಡು ಕೇಳಿದಳು. ಕಾರ್ಡು ಕೈಗೆ ಬಂದ ಮೇಲೂ ಹೋಗಲಿಲ್ಲ.

"ಅಯ್ನೋರೇ, ನಮ್ಮಾವ ಬೆಳಿಗ್ಗೆ ಎದ್ದೇಟ್ಗೆ ಒಂದ್ ಪ್ಯಾಕೇಟು ಅರ್ದು ಗಂಟ್ಲಿಗುಯ್ಕಂಡು, ಅದ್ರ ಮ್ಯಾಲೆ ಈರುಳ್ಳಿ ಜಗ್ದು ಬಂದವ್ರೆ. ನನ್ ಕಣ್ಣಾರೆ ಕಂಡಿವ್ನಿ. ಅವ್ರುನ್ನ ಬುಟ್ಬುಟ್ರಿ."

ಅಪ್ಪಾಜಿ ಮೇಜಿನ ಮೇಲಿದ್ದ ಮೊಹರನ್ನು ಆಚೆ ಈಚೆ ಸರಿಸಿದರು.

"ಮಂಚಣ್ಣನ್ನ ಇಡುದ್ರಿ. ಆವಯ್ಯ ಎಂಡ ಮುಟ್ಟಿದ್ನ ಈ ಊರಲ್ಲಿ ಯಾರೂ ಕಂಡಿಲ್ಲ. ಆಲೆಮನೇಲಿ ರಾತ್ರಿ ಪಾಳಿ, ಒಲೆಗೆ ಉರಿ ಆಕಾ ಕೆಲ್ಸ. ಒಂದ್ ತಿಂಗ್ಳಿಂದ ಕಣ್ಣೆವೆ ಮುಚ್ಚಿಲ್ಲ. ನಾನ್ ಏಳಿದ್ದು ಕುಡಿಯೋರ್ದು ನಿಲ್ಲಿಸ್ರಿ ಅಂತ. ಇಂಗ್ ಮಾಡ್ರಿ ಅಂತಲ್ಲ." ಅವಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ನಿಮ್ಮಂತೋರ್ಗೂ ತಪ್ಪಾಯ್ತದಾ ಸಾಮಿ?"

ಅವಳು ಸ್ವಲ್ಪ ಹೊತ್ತು ಕಾದು ಹೋದಳು. ಸೋಮವಾರ ಬೆಳಗಿನ ಬಸ್ಸಿಗೆ ಮೋಹನ್‌ಕುಮಾರ್ ಹೊಳೆನರಸೀಪುರಕ್ಕೆ ಹೋಗುವವನಿದ್ದ, ರಿಜಿಸ್ಟರಿನ ಆ ಹಾಳೆಯನ್ನು ತಾಲ್ಲೂಕು ಕಚೇರಿಗೆ ಕೊಡಲು. ಇವತ್ತು ಶುಕ್ರವಾರ.

ಸಂಜೆ ಅಪ್ಪಾಜಿ ಒಳಗಿನ ನಡುಮನೆಯಲ್ಲಿ ದೀಪ ಹಚ್ಚದೆ ಕೂತಿದ್ದರು. ಕನಕಲಕ್ಷ್ಮಿ ಹಿತ್ತಿಲ ಬಾಗಿಲಿನಿಂದ ಬಂದು ಬಾಳೆಲೆಯ ಒಂದು ಪೊಟ್ಟಣವನ್ನು ಅವರ ಕೈಗಿಟ್ಟರು.

"ಚಿಕ್ಕಲಕ್ಷ್ಮಮ್ಮ ಹೂವು ಕೊಟ್ಟುಹೋದಳು. ಹೇಗಿದೆ ನೋಡಿ."

ಶುಕ್ರವಾರದ ಹೂವು ಎಂದರೆ ಯಾವಾಗಲೂ ಮಲ್ಲಿಗೆಯೇ. ಅಪ್ಪಾಜಿ ಪೊಟ್ಟಣವನ್ನು ಬಿಚ್ಚದೆ ಮೂಗಿಗೆ ಹಿಡಿದು, ವಾಡಿಕೆಯಂತೆ ಉಸಿರೆಳೆದು, "ಘಮ್ ಅಂತಿದೆ," ಎಂದರು.

ಕನಕಲಕ್ಷ್ಮಿ ಪೊಟ್ಟಣ ತೆಗೆದುಕೊಂಡು ಬಾಳೆನಾರನ್ನು ಬಿಡಿಸಿದರು. ಕಿಟಕಿಯಿಂದ ಬರುತ್ತಿದ್ದ ಉಳಿದ ಬೆಳಕಿನಲ್ಲಿ ಕನಕಾಂಬರದ ದಂಡೆ ಕೆಂಪಗೆ ಕಂಡಿತು. ಆಕೆ ಒಂದು ಮೊಳದಷ್ಟು ಹರಿದು ದೇವರಿಗಿಟ್ಟು ಬಂದು, ಉಳಿದದ್ದನ್ನು ಮುಡಿದುಕೊಂಡು, ಗಂಡನ ಪಕ್ಕದಲ್ಲಿ ಕೂತರು.

"ಯಾವಾಗ ಗೊತ್ತಾಯ್ತು?" ಎಂದು ಕೇಳಿದರು ಅಪ್ಪಾಜಿ.

"ಹೋದ ವರ್ಷ ಗೌರಿಹಬ್ಬದ ದಿನ. ಹುಳಿ ತಳ ಹಿಡಿದು ಮನೆಯೆಲ್ಲ ಹೊಗೆ ವಾಸನೆ. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ. ಆಮೇಲೆ ಅದನ್ನೇ ಎರಡು ಸಲ ಬಡಿಸಿಕೊಂಡ್ರಿ."

"ಹೇಳಲಿಲ್ಲ ನೀನು."

"ನೀವೇ ಹೇಳ್ತೀರೇನೋ ಅಂತ." ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಕಾಫಿ ಕೊಟ್ಟಾಗ ಒಂದು ಮಾತು ಆಡ್ತಿದ್ರಲ್ಲ. ನಾನು ಬಾಯಿಬಿಟ್ಟರೆ ಅದೂ ನಿಂತುಹೋಗುತ್ತೆ ಅಂತ ಸುಮ್ಮನಿದ್ದೆ."

ಕನಕಲಕ್ಷ್ಮಿ ಎದ್ದು ದೀಪ ಹಾಕಿದರು.

"ನನಗೆ ಹೇಳದಿದ್ದರೆ ಪರವಾಗಿಲ್ಲ. ಮಂಚಯ್ಯನಿಗೆ ಹೇಳಬೇಕು."

ಮಾರನೆಯ ದಿನ ಅಂಚೆಚೀಲ ಕಟ್ಟಿ ಬಸ್ಸಿಗೆ ಕೊಟ್ಟವರೇ ಅಪ್ಪಾಜಿ ಕಬ್ಬಿನ ಗದ್ದೆಗಳ ನಡುವಿನ ದಾರಿ ಹಿಡಿದರು. ಆಲೆಮನೆಯಲ್ಲಿ ಗಾಣ ನಿಂತಿತ್ತು. ಕೊಪ್ಪರಿಗೆಯಲ್ಲಿ ಕೊನೆಯ ಪಾಕ ಲೊಟಲೊಟ ಕುದಿಯುತ್ತಿತ್ತು. ಮಂಚಯ್ಯ ರಾತ್ರಿಗೆಂದು ಒಣ ಸಿಪ್ಪೆಯನ್ನು ಒಲೆಯ ಬಾಯಿಯ ಹತ್ತಿರ ರಾಶಿ ಹಾಕುತ್ತಿದ್ದ. ಅವರನ್ನು ಕಂಡವನೇ ತಲೆಯ ಟವಲು ತೆಗೆದು ನೆಲ ಒರೆಸಿದ.

"ಕೂತ್ಕಳಿ ಸಾಮಿ. ಇಲ್ಲೀಗಂಟ ಬಂದ್ಬುಟ್ರಲ್ಲ."

ಅಪ್ಪಾಜಿ ಕೂರಲಿಲ್ಲ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಮಂಚಯ್ಯನೇ ಮಾತೆತ್ತಿದ.

"ನಾನೂ ಅದ್ನೇ ಯೋಚ್ನೆ ಮಾಡ್ತಿದ್ದೆ ಸಾಮಿ. ಅಯ್ನೋರು ಸುಳ್ ಏಳಾಕಿಲ್ಲ. ಅಂಗಾರೆ ಎಂಗ್ ಬಂತು ವಾಸ್ನೆ ಅಂತ. ಮೊನ್ನೆ ರಾತ್ರಿ ಒಟ್ಟೆ ಅಸ್ದು ಎಲ್ಡ್ ಚೆಂಬು ಕಬ್ಬಿನಾಲು ಕುಡ್ದಿದ್ದೆ. ಬೆಂಕಿ ಮುಂದೆ ಕೂತಿದ್ಕೆ ಒಟ್ಟೆ ಒಳ್ಗೇ ಅದು ಉಳಿ ಬಂದು ಎಂಡ ಆಗೋಯ್ತೇನೋ." ಅವನು ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. "ಇನ್ ಮ್ಯಾಕೆ ಮುಟ್ಟಾಕಿಲ್ಲ. ನೆನ್ನೆಯಿಂದ ಬರೀ ನೀರು ಕುಡೀತಿವ್ನಿ."

ಒಲೆಯ ಝಳ ಅಪ್ಪಾಜಿಯವರ ಮುಖಕ್ಕೆ ಹೊಡೆಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಮಂಚಯ್ಯ, ನಿನ್ನ ಬಾಯಲ್ಲಿ ಯಾವ ವಾಸನೇನೂ ಇರಲಿಲ್ಲಪ್ಪ. ಇದ್ದರೂ ನನಗೆ ಗೊತ್ತಾಗೋದಿಲ್ಲ. ನನಗೆ ವಾಸನೇನೇ ಬರೋದಿಲ್ಲ. ಜ್ವರ ಬಂದಾಗ ಹೋಯ್ತು. ನಿನ್ನ ಕಣ್ಣು ಕೆಂಪಗಿತ್ತು ಅಂತ ಹೇಳಿಬಿಟ್ಟೆ."

ಮಂಚಯ್ಯ ಅರ್ಥವಾಗದವನ ಹಾಗೆ ನೋಡಿದ. ಅರ್ಥವಾದ ಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ಮೆಲ್ಲಗೆ ಕೆಳಗಿಟ್ಟ. ಕೊಪ್ಪರಿಗೆಯ ಕಡೆಗೊಮ್ಮೆ, ಅವರ ಕಡೆಗೊಮ್ಮೆ ತಿರುಗಿದ.

"ಅಂಗಾರೆ ಇದೂ ಬರಾಕಿಲ್ವಾ? ಇಸ್ಟು ಗಮ್ಮಂತ ಐತಲ್ಲ, ಬೆಲ್ಲದ್ದು?"

"ಇಲ್ಲ."

"ಮಳೆ ಬಿದ್ದಾಗ ಮಣ್ಣಿಂದು?"

ಅಪ್ಪಾಜಿ ತಲೆಯಾಡಿಸಿದರು.

"ಅಯ್ಯೋ ಪಾಪ," ಎಂದ ಮಂಚಯ್ಯ. ಸಿಟ್ಟಿಗೆ ಅವನಲ್ಲಿ ಜಾಗವೇ ಇದ್ದಂತಿರಲಿಲ್ಲ. ಒಂದು ಮುತ್ತುಗದೆಲೆ ಹುಡುಕಿ, ಅಚ್ಚಿನ ಅಂಚಿಗೆ ಹತ್ತಿದ್ದ ಬಿಸಿಬೆಲ್ಲವನ್ನು ಕೆರೆದು ಅದರಲ್ಲಿಟ್ಟ. "ನಾಲ್ಗೆಗಾದ್ರೂ ತಿಳೀತದಲ್ಲ ಸಾಮಿ? ಅಮ್ಮಾವ್ರಿಗೂ ತಗಂಡೋಗಿ."

ಸೋಮವಾರ ಬೆಳಿಗ್ಗೆ ಅರಳಿಕಟ್ಟೆಯ ಹತ್ತಿರ ಬಸ್ಸಿಗೆ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಅದೇ ಬಸ್ಸಿನಲ್ಲಿ ಅಂಚೆಚೀಲ ಬರುತ್ತಿದ್ದುದರಿಂದ ಅಪ್ಪಾಜಿ ದಿನವೂ ಅಲ್ಲಿ ಇರುವವರೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೋಹನ್‌ಕುಮಾರ್ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಸಂಘದ ಕೆಲಸಕ್ಕೆ ಹೊರಟ ಮಲ್ಲಿಗಮ್ಮ, ಹೂವಿನ ಬುಟ್ಟಿಯ ಚಿಕ್ಕಲಕ್ಷ್ಮಮ್ಮ, ಎಲ್ಲಿಗೂ ಹೋಗುವುದಿಲ್ಲವಾದರೂ ಬಸ್ಸು ನೋಡಲು ಬಂದಿದ್ದ ಪುಟ್ಟಸ್ವಾಮಿ, ಎಲ್ಲರೂ ಇದ್ದರು.

"ಮೋಹನ್‌ಕುಮಾರ್," ಎಂದರು ಅಪ್ಪಾಜಿ. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಮಂಚಯ್ಯನ ಹೆಸರು ಹೊಡೆದುಹಾಕಪ್ಪ."

"ಯಾಕ್ ಸಾರ್?"

"ನನಗೆ ವಾಸನೆ ಬರೋಲ್ಲ."

"ಶೀತವಾಗಿತ್ತಾ ಅವತ್ತು?"

"ಒಂದೂವರೆ ವರ್ಷದಿಂದ ಬರೋಲ್ಲ. ಯಾವುದೂ ಬರೋಲ್ಲ. ಅವತ್ತು ಸಭೇಲೇ ಹೇಳಬೇಕಿತ್ತು. ಹೇಳಲಿಲ್ಲ."

ಮೊದಲು ಬಾಯಿಬಿಟ್ಟವನು ಪುಟ್ಟಸ್ವಾಮಿ.

"ಅಯ್ ನಿಮ್ಮ! ಬರೀ ಒಟ್ಟೇಲಿ ಒಂದ್ ಇಡೀ ಗೆಡ್ಡೆ ಈರುಳ್ಳಿ ತಿಂದ್ನಲ್ಲ ಸಾಮಿ! ಮದ್ಯಾನದಗಂಟ ಒಟ್ಟೆ ಉರ್ದೋಯ್ತು. ಮೊದ್ಲೇ ಏಳಾಕಾಗ್ನಿಲ್ವಾ?"

ಕಟ್ಟೆಯ ಸುತ್ತ ನಗು ಸಿಡಿಯಿತು. ಚಿಕ್ಕಲಕ್ಷ್ಮಮ್ಮ ಬುಟ್ಟಿ ಕೆಳಗಿಟ್ಟು ನಕ್ಕಳು. ಮೋಹನ್‌ಕುಮಾರನ ಮುಖ ಕೆಂಪಾಯಿತು. "ನಗಾಡಿ, ನಗಾಡಿ. ಮುಂದಿನ್ ತಿಂಗ್ಳು ಮೂಗಿರೋರ್ನೇ ಕೂರಿಸ್ತೀನಿ."

"ಕೂರ್ಸು ಮಗ," ಎಂದಳು ಚಿಕ್ಕಲಕ್ಷ್ಮಮ್ಮ. "ಮೊದ್ಲು ನಿಂದು ಊದು. ನೆನ್ನೆ ಬೀಗರೂಟದಿಂದ ನಿನ್ ಗಾಡಿ ತಳ್ಕಂಡ್ ಬಂದೋರು ಯಾರು ಅಂತ ನಂಗೊತ್ತು."

ನಗು ಇನ್ನೂ ಜೋರಾಯಿತು. ನಗದೆ ನಿಂತಿದ್ದವಳು ಮಲ್ಲಿಗಮ್ಮ ಒಬ್ಬಳೇ.

"ನಗ್ರಿ," ಎಂದಳು. "ಎಲ್ರುದೂ ಆಯ್ತಲ್ಲ. ಸಂಜೀಕೆ ಚರಂಡಿಯಿಂದ ಎತ್ಕಂಡ್ ಬರಾಕೆ ನಾನ್ ಒಬ್ಳು ಇವ್ನಲ್ಲ."

ನಗು ಅಲ್ಲಲ್ಲೇ ಇಂಗಿತು. ಪುಟ್ಟಸ್ವಾಮಿ ಬಸ್ಸು ಬರುವ ದಿಕ್ಕಿನ ಕಡೆಗೆ ತಿರುಗಿಕೊಂಡ. ಅಪ್ಪಾಜಿ ಜೇಬಿನಿಂದ ತಮ್ಮ ಪೆನ್ನು ತೆಗೆದು ಮೋಹನ್‌ಕುಮಾರನ ಮುಂದೆ ಹಿಡಿದರು. ಅವನು ಅದನ್ನು ನೋಡಿದ, ಜನರನ್ನು ನೋಡಿದ. ರಿಜಿಸ್ಟರನ್ನು ಕಟ್ಟೆಯ ಕಲ್ಲಿನ ಮೇಲಿಟ್ಟು ಒಂದು ಗೆರೆ ಎಳೆದ. ಆ ಹಾಳೆಯಲ್ಲಿ ಬೇರೆ ಹೆಸರಿರಲಿಲ್ಲ. ಬಸ್ಸು ಬಂತು. ಅವನು ಹತ್ತಲಿಲ್ಲ.

ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟ ಅಪ್ಪಾಜಿ ಮಲ್ಲಿಗಮ್ಮನ ಹತ್ತಿರ ನಿಂತರು. "ನೀನು ಏಳನೇ ಕ್ಲಾಸು ಓದಿದೀಯಲ್ಲಮ್ಮ. ಮುಂದಿನ ಸಲ ನಿಮ್ಮ ಮಾವನ ಹೆಬ್ಬೆಟ್ಟಿಗೆ ಸಾಕ್ಷಿ ಸಹಿ ನೀನೇ ಹಾಕು. ದುಡ್ಡು ಕೈಗೆ ಬರೋ ಹೊತ್ತಿಗೆ ನೀನೂ ಅಲ್ಲಿರು. ಅಷ್ಟಕ್ಕೆ ಯಾರ ಅಪ್ಪಣೇನೂ ಬೇಡ."

ಮಲ್ಲಿಗಮ್ಮ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಮುಂದಿನ ತಿಂಗಳು ಮನಿಯಾರ್ಡರು ಬಂದಾಗ ಶಿವರಾತ್ರಿಗೆ ಇನ್ನೂ ನಾಲ್ಕು ದಿನವಿತ್ತು. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಇರಲಿಲ್ಲ. ಪುಟ್ಟಸ್ವಾಮಿ ಹೆಬ್ಬೆಟ್ಟು ಒತ್ತುತ್ತಿದ್ದಂತೆ ಪಕ್ಕದಲ್ಲಿ ಮಲ್ಲಿಗಮ್ಮ ನಿಧಾನವಾಗಿ, ಒಂದೊಂದೇ ಅಕ್ಷರವನ್ನು ತಿದ್ದುವಂತೆ ಸಹಿ ಹಾಕಿದಳು. ಮಾವ ಸೊಸೆ ಇಬ್ಬರೂ ಮೆಟ್ಟಿಲಿಳಿದು ಬೀದಿಯ ತಿರುವಿನವರೆಗೂ ಜಗಳವಾಡುತ್ತ ಹೋಗುವುದು ಕೇಳಿಸುತ್ತಿತ್ತು. ಗೆದ್ದವರು ಯಾರೆಂದು ಇಲ್ಲಿಂದ ತಿಳಿಯುವಂತಿರಲಿಲ್ಲ. ಒಳಗಿನಿಂದ ಕನಕಲಕ್ಷ್ಮಿ ಕಾಫಿಬೀಜ ಹುರಿಯುವ ಸದ್ದು ಬರುತ್ತಿತ್ತು. ಈಗ ಬೆಳಿಗ್ಗೆ ಲೋಟ ಕೊಟ್ಟು ಬಾಗಿಲಿಗೊರಗಿ ನಿಂತು "ಇವತ್ತು ಸ್ವಲ್ಪ ಹೆಚ್ಚು ಹುರಿದೆ" ಎಂದೋ, "ಇವತ್ತು ಚೆನ್ನಾಗಿ ಬಂದಿದೆ" ಎಂದೋ ಆಕೆಯೇ ಹೇಳುತ್ತಿದ್ದರು. ಅಪ್ಪಾಜಿ ತಲೆಯಾಡಿಸಿ ಕುಡಿಯುತ್ತಿದ್ದರು.

"ಮಂಚಯ್ಯ," ಎಂದು ಕೂಗಿದರು ಅಪ್ಪಾಜಿ.

ಮಂಚಯ್ಯ ಮೆಟ್ಟಿಲು ಹತ್ತಿ ಬಂದ. ಮೇಜಿನ ಹತ್ತಿರ ಕೈಕಟ್ಟಿ ನಿಂತ. ಯಾರೂ ಕೇಳದಿದ್ದರೂ, ಅಭ್ಯಾಸದಂತೆ, ಆ ಕೆಂಪು ಕಣ್ಣುಗಳನ್ನು ಮುಚ್ಚಿ, ಮುಂದೆ ಬಾಗಿ, ಅವರ ಮುಖಕ್ಕೆ ಉದ್ದವಾಗಿ ಉಸಿರು ಬಿಟ್ಟ.

ಸಾಲಿನಲ್ಲಿ ಯಾರೋ ನಗಲು ಹೋಗಿ ನಿಲ್ಲಿಸಿದರು. ಅಪ್ಪಾಜಿಯವರ ಕನ್ನಡಕ ಮಂಜಾಯಿತು. ಉಸಿರು ಕೆನ್ನೆಗೆ, ಹಣೆಗೆ ಬೆಚ್ಚಗೆ ತಾಗಿತು. ಅವರು ಕನ್ನಡಕ ಒರೆಸಲಿಲ್ಲ. ಮಸುಕಿನಲ್ಲೇ ಕೈಚಾಚಿ ಮಂಚಯ್ಯನ ಹೆಬ್ಬೆರಳನ್ನು ಹುಡುಕಿ ಹಿಡಿದು, ಮಸಿಯ ಮೆತ್ತೆಗೆ ತಂದರು.